ಒದ್ದೆ ಎಲೆಯ ತೂಕ

ಇಪ್ಪತ್ತೆಂಟು ಕಿಲೋ. ಒದ್ದೆಗೆ ಮೂರು ಕಳೆ.
ಬರೆದುಕೊಳ್ಳಿ, ಫೆಹ್ಮಿ ಅಜ್ಜ,
ನೀರಿಗೆ ನಾವು ದುಡ್ಡು ಕೊಡುವುದಿಲ್ಲ.

ಹನ್ನೊಂದು ವರ್ಷದಿಂದ ಇದೇ ಕೆಲಸ
ರೀಜೆಯ ಮೇಲಿನ ಈ ತಗಡಿನ ಮಾಡಿನಡಿ:
ಗುಡ್ಡದ ನೆತ್ತಿಯಿಂದ ತಂತಿಗೆ ಜೋತು ಬರುವ
ಚಹಾ ಎಲೆಯ ಗಂಟನ್ನು ಕೊಕ್ಕೆಗೆ ಸಿಕ್ಕಿಸುವುದು,
ಮುಳ್ಳು ನಿಲ್ಲುವ ತನಕ ಕಾಯುವುದು,
ಒದ್ದೆ ಕಳೆಯುವುದು.
ಯಾರೂ ಒಪ್ಪುವುದಿಲ್ಲ. ಎಲ್ಲರ ಎಲೆಯೂ
ಅವರವರ ಬಾಯಲ್ಲಿ ಒಣಗಿಯೇ ಇರುತ್ತದೆ.

ಈಗ ಮೂವತ್ತೆಂಟನೆಯ ವಾರ. ಹೊಟ್ಟೆ ತಕ್ಕಡಿಗೆ ತಾಗುತ್ತದೆ.
'ಇನ್ನೂ ಸ್ವಲ್ಪ ಒರಗಿಕೋ ಗುಲಿಜಾರ್,
ಕೂಸಿನ ತೂಕವೂ ನನ್ನ ಲೆಕ್ಕಕ್ಕೇ ಬರಲಿ'
ಎಂದು ಸಾಲಿನಲ್ಲಿ ನಿಂತವರು ನಗುತ್ತಾರೆ.

ಆ ಹೊಟ್ಟೆಯಡಿ, ಶಲ್ವಾರಿನ ಲಾಡಿ ಕಟ್ಟುವಲ್ಲಿ,
ಗೇಣುದ್ದದ ಒಂದು ಗೆರೆ.
ನನ್ನ ಡೆಫ್ನೆ ಬಂದ ಬಾಗಿಲು.
ಹೊರಗಿನದು ನನ್ನ ಬೆರಳಿಗೆ ಗೊತ್ತು. ಒಳಗಿನದು
ಡಾಕ್ಟರ್ ತುನ್ಜಾಯ್ ಅವರ ಪರದೆಗೆ ಮಾತ್ರ.

'ಮಂಗಳವಾರ, ಹನ್ನೊಂದು ಗಂಟೆ' ಎಂದರು ಅವರು.
ಹಳೆಯ ಗೆರೆಯ ಮೇಲೇ ಕೊಯ್ದರಾಯಿತು.
ನೋವು ತಿಂದೇ ಹೆರುವೆನೆಂದರೆ
ಇನ್ನೂರರಲ್ಲಿ ಒಬ್ಬಳಿಗೆ ಒಳಗಿನ ಗೆರೆ ಬಿಚ್ಚಿಕೊಂಡೀತು.
ಇನ್ನೂರರಲ್ಲಿ ಒಬ್ಬಳು!
ನನ್ನ ಪುಸ್ತಕದಲ್ಲಿ ಇನ್ನೂರ ಹದಿನಾಲ್ಕು ಹೆಸರಿವೆ.
ಅಂದಿನಿಂದ ಸಾಲಿನ ಒಂದೊಂದೇ ಮುಖವನ್ನು
ಹೆಚ್ಚು ಹೊತ್ತು ನೋಡುತ್ತೇನೆ.

ಸೂಲಗಿತ್ತಿ ಹಾಜೆರ್ ಬೇರೆ ಲೆಕ್ಕ ಹೇಳಿದಳು:
ಪ್ರಯತ್ನಿಸಿದ ನಾಲ್ವರಲ್ಲಿ ಮೂವರು ಹೆರುತ್ತಾರೆ, ಹೆಚ್ಚುಕಡಿಮೆ.
ಕೊಯ್ದಷ್ಟೂ ಒಳಗಿನದು ಒಂದಕ್ಕೊಂದು ಅಂಟುತ್ತದೆ;
ಇನ್ನೂ ಮಕ್ಕಳು ಬೇಕೆಂದರೆ, ಮುಂದೊಂದು ಸಲ
ಮಾಸು ಆ ಗೆರೆಯಲ್ಲೇ ಬೇರು ಬಿಟ್ಟೀತು.

ಅತ್ತೆ ಐದು ಹೆತ್ತವಳು. ಮೂರನೆಯದಕ್ಕೆ ನೋವು ಬಂದಾಗ
ಎಲೆ ಕತ್ತರಿಸುವ ಕತ್ತರಿ ಇನ್ನೂ ಕೈಯಲ್ಲೇ ಇತ್ತಂತೆ.
'ಕೊಯ್ಯಿಸಿಕೊಂಡದ್ದೂ ಒಂದು ಹೆರಿಗೆಯಾ?' ಎಂದವಳು ಅವಳೇ.
ನಾನು ಮಗ್ಗುಲು ಬದಲಿಸಲಾಗದೆ ಬಿದ್ದಿದ್ದಾಗ
ನಲವತ್ತು ರಾತ್ರಿ ಡೆಫ್ನೆಯನ್ನು
ಎದೆಯ ಮೇಲೆ ಮಲಗಿಸಿಕೊಂಡವಳೂ ಅವಳೇ.

ಶೆನೊಲ್ ಏನೂ ಹೇಳುವುದಿಲ್ಲ.
ನಡುರಾತ್ರಿ ಎದ್ದು ಖಾಲಿ ಮಿನಿಬಸ್ಸನ್ನು
ಆಸ್ಪತ್ರೆಯ ಗೇಟಿನ ತನಕ ಓಡಿಸಿ ಬರುತ್ತಾನೆ.
ನಲವತ್ತೊಂದು ತಿರುವು, ನಲವತ್ತೇಳು ನಿಮಿಷ.
ಗುಡ್ಡ ಜರಿದರೆ ಎಷ್ಟು ಎಂಬುದನ್ನು
ಚೀಟಿಯಲ್ಲಿ ಬರೆದಿಲ್ಲ.

ನಿನ್ನೆ ನಿದ್ದೆ ಬಾರದೆ, ಒಂದೊಂದೇ ಗಂಟು ಎತ್ತಿ ತೂಗಿದೆ.
ಡಾಕ್ಟರರ ಭಯ: ಅದರಲ್ಲಿ ಕೋರ್ಟಿನ ಕಾಗದದ ಒದ್ದೆ ಇದೆ. ಕಳೆ.
ಅತ್ತೆಯ ಧೈರ್ಯ: ಉಳಿದು ಬಂದವಳ ಧೈರ್ಯ,
ಉಳಿಯದವರು ಬಂದು ಕಥೆ ಹೇಳುವುದಿಲ್ಲ. ಕಳೆ.
ನನ್ನ ಆಸೆ:
ಮೊದಲ ಅಳು ಹಸಿರು ಬಟ್ಟೆಯ ಆಚೆಯಿಂದ ಬಾರದಿರಲಿ,
ಬಿಸಿಬಿಸಿಯಾಗಿ, ಜಾರುತ್ತ, ನನ್ನ ಕೈಗೇ ಬರಲಿ.
ಅದರಲ್ಲೂ ನೀರಿದೆ. ಹಟದ ನೀರು.
ಎಷ್ಟೆಂದು ಮಾತ್ರ ಹೇಳಲಾಗಲಿಲ್ಲ,
ನನ್ನ ಎಲೆಯೂ ನನ್ನ ಬಾಯಲ್ಲಿ ಒಣಗಿಯೇ ಇತ್ತು.
ಎಲ್ಲ ಕಳೆದ ಮೇಲೂ ಎರಡು ಗಂಟು ಉಳಿದವು.
ಎರಡೂ ಭಾರ.

ಬೆಳಿಗ್ಗೆ ಹಾಜೆರ್ ಕೇಳಿದಳು, 'ನಿನಗೇನು ಬೇಕು?'
ಎಂಟು ತಿಂಗಳಲ್ಲಿ ಯಾರೂ ಕೇಳಿರಲಿಲ್ಲ; ತಡವರಿಸಿದೆ.
ಮಂಗಳವಾರ ಬೇಡ.
ನಲವತ್ತನೆಯ ವಾರದ ಶುಕ್ರವಾರದ ತನಕ ಕಾಯುತ್ತೇನೆ.
ತಾನಾಗಿ ಬಂದರೆ, ಆಸ್ಪತ್ರೆಯಲ್ಲೇ,
ಕತ್ತಿ ಪಕ್ಕದ ಕೋಣೆಯಲ್ಲಿ ಎಚ್ಚರವಾಗಿರಲಿ,
ನೋವು ತಿನ್ನುತ್ತೇನೆ.
ಬಾರದಿದ್ದರೆ ಗೆರೆಯ ಮೇಲೆ ಗೆರೆ.
ಎರಡಕ್ಕೂ ಚೀಲ ಒಂದೇ:
ನಾಲ್ಕು ಅಂಗಿ, ಒಂದು ಟೊಪ್ಪಿ, ಅತ್ತೆ ಹೆಣೆದ ಕಾಲುಚೀಲ.

ಇದು ಉತ್ತರವೋ, ಉತ್ತರವನ್ನು ಮುಂದೂಡಿದ್ದೋ?
ಹಾಜೆರ್ ಬರೆದುಕೊಂಡಳು.

'ಬೇಗ ಹೇಳಮ್ಮ, ಲಾರಿ ಹೊರಡುತ್ತದೆ'
ಎಂದು ಫೆಹ್ಮಿ ಅಜ್ಜ ಪೆನ್ನು ಹಿಡಿದು ಕೂಗುತ್ತಾರೆ.
ಕೊನೆಯ ಗಂಟು ಕೊಕ್ಕೆಯಲ್ಲಿ ತೂಗುತ್ತಿದೆ.
ಒಳಗಿನಿಂದ ಒಂದು ಹಿಮ್ಮಡಿ ತಕ್ಕಡಿಯನ್ನು ಒದ್ದಿತು.

ತಡೆಯಿರಿ, ಅಜ್ಜ.
ಮುಳ್ಳು ಇನ್ನೂ ನಡುಗುತ್ತಿದೆ.